ಓದುಗರ ಪ್ರಶ್ನೆ: ಹತ್ತೇ ನಡೆಯಲ್ಲಿ ಮುಗಿದ ಆಟ

ಪ್ರಶ್ನೆ: ಕಾರವಾರದ ಶಾಲಾ ಚೆಸ್ ಟೂರ್ನಿಯಲ್ಲಿ ಮಗಳು ಕಪ್ಪು ಕಾಯಿ ಆಡಿ ಹತ್ತನೇ ನಡೆಗೆ ಚೆಕ್‌ಮೇಟ್ ಆದಳು. ಸ್ಕೋರ್‌ಶೀಟ್ ಹೀಗಿದೆ: 1. ಇ4, ಇ5 2. ಕುದುರೆ ಎಫ್3, ಕುದುರೆ ಸಿ6 3. ಒಂಟೆ ಸಿ4, ಕುದುರೆ ಎಫ್6 4. ಕುದುರೆ ಜಿ5, ಡಿ5 5. ಪದಾತಿಯಿಂದ ಡಿ5 ಹೊಡೆತ, ಕುದುರೆಯಿಂದ ಮರುಹೊಡೆತ 6. ಕುದುರೆ ಎಫ್7 ಹೊಡೆಯಿತು, ಅದನ್ನು ರಾಜ ಹೊಡೆದ 7. ರಾಣಿ ಎಫ್3 ಚೆಕ್, ರಾಜ ಜಿ8. ಈ ಓಪನಿಂಗನ್ನೇ (ಆರಂಭದ ನಡೆಗಳ ಕ್ರಮ) ಬಿಡಬೇಕೇ?
– ಒಬ್ಬ ತಾಯಿ, ಶಿರಸಿ

ಉತ್ತರ: ಬಿಡಬೇಡಿ. ಇದು ಟೂ ನೈಟ್ಸ್ ಡಿಫೆನ್ಸ್, ಗಟ್ಟಿ ಓಪನಿಂಗ್. ನಾಲ್ಕನೇ ನಡೆಯವರೆಗೂ ಮಗಳ ಆಟ ಸರಿಯಾಗಿದೆ. ಎಫ್7ರ ಮೇಲೆ ಒಂಟೆ, ಕುದುರೆ ಎರಡರ ಕಣ್ಣೂ ಇದ್ದಾಗ ಡಿ5 ನಡೆಸಿ ಒಂಟೆಯ ದಾರಿ ಮುಚ್ಚಿದ್ದು ಒಳ್ಳೆಯ ನಡೆ.

ಎಡವಿದ್ದು ಐದನೆಯದರಲ್ಲಿ. ಡಿ5ನ್ನು ಕುದುರೆಯಿಂದ ಹೊಡೆದರೆ ಬಿಳಿ ತನ್ನ ಕುದುರೆಯನ್ನು ಎಫ್7ರಲ್ಲಿ ಬಲಿಕೊಟ್ಟು ರಾಜನನ್ನು ಹೊರಗೆಳೆಯುತ್ತದೆ. ಇದಕ್ಕೇ ಫ್ರೈಡ್ ಲಿವರ್ ದಾಳಿ ಎನ್ನುವುದು. ಏಳನೇ ಚೆಕ್‌ಗೆ ರಾಜ ಇ6ಕ್ಕೇ ಬಂದು ಡಿ5ರ ಕುದುರೆಯನ್ನು ಕಾಯಬೇಕಿತ್ತು. ಜಿ8ಕ್ಕೆ ಹೋದರೆ ಒಂಟೆ ಡಿ5 ಹೊಡೆದು ಚೆಕ್, ರಾಣಿ ಒಂಟೆಯನ್ನು ಹೊಡೆದರೆ ಬಿಳಿ ರಾಣಿಯ ಮರುಹೊಡೆತ, ಕಪ್ಪು ಒಂಟೆ ಇ6ಕ್ಕೆ ಅಡ್ಡ ಬಂದರೂ ಅಲ್ಲೇ ಮೇಟ್. ಇ6ರಲ್ಲೂ ಬೋರ್ಡಿನ ನಡುವೆ ನಿಂತ ರಾಜನನ್ನು ಕಾಪಾಡುವುದು ಮಕ್ಕಳಿಗೆ ಬಹಳ ಕಷ್ಟ.

ಐದನೆಯದಕ್ಕೆ ಸಿ6ರ ಕುದುರೆಯನ್ನು ಎ5ಕ್ಕೆ ಆಡಿ ಒಂಟೆಯನ್ನು ಬೆದರಿಸಲಿ. ಒಂಟೆ ಬಿ5ರಿಂದ ಚೆಕ್ ಕೊಟ್ಟರೆ ಸಿ6. ಪದಾತಿ ಹೊಡೆದರೆ ಬಿ ಪದಾತಿಯಿಂದ ಮರುಹೊಡೆತ. ಒಂಟೆ ಇ2ಕ್ಕೆ ಸರಿದ ಮೇಲೆ ಎಚ್6, ಕುದುರೆ ಎಫ್3, ಇ4, ಕುದುರೆ ಇ5. ಈಗ ಎಣಿಸಿ ನೋಡಿ: ಬಿಳಿಯ ಹತ್ತು ನಡೆಗಳಲ್ಲಿ ಒಂದೇ ಒಂಟೆಗೆ ಮೂರು, ಒಂದೇ ಕುದುರೆಗೆ ನಾಲ್ಕು ಖರ್ಚಾಗಿವೆ. ಕಪ್ಪಿಗೆ ಒಂದು ಪದಾತಿ ಕಡಿಮೆ, ಆದರೆ ಮುಂದಿನ ನಡೆ ಕಪ್ಪಿನದೇ. ಒಂಟೆಯನ್ನು ಡಿ6ಕ್ಕೆ ತಂದು ಕ್ಯಾಸಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡಿದರೆ ಆಟ ಚುರುಕಾಗುತ್ತದೆ.

ಒಂದು ಎಚ್ಚರಿಕೆ: ಎಂಟನೆಯದಕ್ಕೆ ಬಿಳಿ ರಾಣಿ ಎಫ್3ಕ್ಕೆ ಬಂದರೆ ಬಿ5ರ ಒಂಟೆಗೆ ಆಸೆಪಡಬಾರದು, ಎ8ರ ಆನೆ ಹೋಗುತ್ತದೆ. ಆನೆಯನ್ನು ಬಿ8ಕ್ಕೆ ಸರಿಸಲಿ.

ಇಷ್ಟು ನೆನಪಿಡುವುದು ಹೊರೆಯೆನಿಸಿದರೆ ಮೂರನೆಯದಕ್ಕೇ ಒಂಟೆ ಸಿ5 ಆಡಲಿ. ಎಫ್6 ಖಾಲಿಯಿರುವುದರಿಂದ ಜಿ5ಕ್ಕೆ ಬಂದ ಕುದುರೆಯನ್ನು ರಾಣಿ ನೇರ ಹೊಡೆಯುತ್ತದೆ.

ಪ್ರಶ್ನೆ: ಕ್ಯಾಸಲಿಂಗ್‌ಗೆ ಆನೆಯನ್ನು ಮೊದಲು ಮುಟ್ಟಬಹುದೇ?
– ಓದುಗರು, ಕುಮಟಾ

ಉತ್ತರ: ಇಲ್ಲ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಂತೆ ಆ ನಡೆಯಲ್ಲಿ ಆ ಬದಿಗೆ ಕ್ಯಾಸಲಿಂಗ್ ಸಿಗದು, ಸಾಧ್ಯವಿದ್ದರೆ ಆನೆಯನ್ನೇ ಆಡಬೇಕು. ರಾಜ ಮೊದಲು, ಒಂದೇ ಕೈಯಲ್ಲಿ.