ಓದುಗರ ಪ್ರಶ್ನೆ: ಟಿವಿಯಲ್ಲಿ ಕಂಡ ವಾಚಿನ ಗೀರು ಉಜ್ಜಿಸಬೇಡಿ

ಪ್ರಶ್ನೆ: ಟಿವಿ ಸರಣಿಯೊಂದರಲ್ಲಿ ನಾಯಕ ಕಟ್ಟಿದ್ದ ವಾಚು ಅಂತ ಒಬ್ಬರು ಹಳೇ ಕೈಗಡಿಯಾರ ಮಾರುತ್ತಿದ್ದಾರೆ. ಪ್ರಮಾಣಪತ್ರವೂ ಇದೆ. ನಂಬಬಹುದಾ? ಕೊಂಡು, ಚೆನ್ನಾಗಿ ಪಾಲಿಶ್ ಮಾಡಿಸಿ ಕಟ್ಟಿಕೊಳ್ಳುವ ಆಸೆ.

ಉತ್ತರ: ಪಾಲಿಶ್ ಮಾತ್ರ ಬೇಡ. ಯಾಕೆ ಅಂತ ಹೇಳುತ್ತೇನೆ.

ಅದೇ ಮಾಡೆಲ್ ಬೇರೆ, ಅದೇ ವಾಚು ಬೇರೆ. ‘ಮ್ಯಾಗ್ನಮ್ ಪಿ.ಐ.’ ಸರಣಿಯಲ್ಲಿ ನಟ ಟಾಮ್ ಸೆಲೆಕ್ ಕಟ್ಟುತ್ತಿದ್ದದ್ದು ಕೆಂಪು-ನೀಲಿ ಸುತ್ತಿನ ರೋಲೆಕ್ಸ್ ಜಿಎಂಟಿ ಮಾಸ್ಟರ್. ದುಡ್ಡಿದ್ದರೆ ಆ ಮಾಡೆಲ್ ಸಿಗುತ್ತದೆ. ಸೆಲೆಕ್ ಕೈಯಲ್ಲಿದ್ದದ್ದು ಇದೇ ಅನ್ನುವುದಕ್ಕೆ ಪುರಾವೆ ಬೇಕು, ಅಲ್ವಾ? ಪ್ರಮಾಣಪತ್ರಕ್ಕೆ ಸಹಿ ಹಾಕಿದವರು ಯಾರು ನೋಡಿ. ಮಾರುವವರೇ ಬರೆದುಕೊಂಡಿದ್ದರೆ ಅದಕ್ಕೆ ಬೆಲೆ ಇಲ್ಲ. ಶೂಟಿಂಗ್ ತಂಡದವರಿಂದ ಯಾರಿಗೆ ಬಂತು, ಅವರಿಂದ ಯಾರಿಗೆ ಹೋಯಿತು ಅನ್ನುವುದು ಕೊಂಡಿ ಕಳಚದ ಹಾಗೆ ಸಿಗಬೇಕು.

ಆಮೇಲೆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಡಯಲ್ ಮೇಲಿನ ಕಲೆ, ಮುಳ್ಳಿನ ಬಣ್ಣ ಎಲ್ಲಿ ಮಾಸಿದೆ, ಕೇಸಿನ ಅಂಚು ಎಲ್ಲಿ ತಗ್ಗಾಗಿದೆ ಅಂತ ಕೈಯಲ್ಲಿರುವುದರ ಜೊತೆ ಹೋಲಿಸಿ. ಗಾಜಿನ ಗೀರನ್ನು ಜಾಸ್ತಿ ನಂಬಬೇಡಿ, ಗಾಜು ಎಷ್ಟು ಸಲ ಬದಲಾಗಿರುತ್ತದೋ.

ನನ್ನ ಹತ್ತಿರ ಕೀ ಕೊಡುವ ಸ್ಟೀಲ್ ವಾಚೊಂದಿದೆ. ಒಂದು ಟಿವಿ ಸರಣಿಯ ಸೆಟ್ಟಿನ ಹಳೇ ಸಾಮಾನಿನ ಜೊತೆ ಬಂದದ್ದು. ನಾಲ್ಕು ಗಂಟೆಯ ಪಕ್ಕ, ಬೆಲ್ಟ್ ಕೂರುವ ಕಡೆ, ಕುಡುಗೋಲಿನ ಹಾಗೆ ಬಾಗಿದ ಒಂದು ಗೀರಿತ್ತು. ಸರ್ವಿಸಿಗೆ ಕೊಟ್ಟೆ. ರಿಪೇರಿಯವರು ಪ್ರೀತಿಯಿಂದಲೇ ಉಜ್ಜಿ ಫಳಫಳ ಮಾಡಿಕೊಟ್ಟರು. ಎರಡು ತಿಂಗಳ ಮೇಲೆ ಆ ಸರಣಿ ನೋಡುತ್ತಾ ಕೂತಿದ್ದೆ. ನಟ ಫೋನ್ ಎತ್ತಲು ಕೈ ಚಾಚಿದ. ಒಂದೇ ಒಂದು ಕ್ಷಣ, ಬೆಳಕಿಗೆ ಅದೇ ಗೀರು ಮಿಂಚಿತು! ನನ್ನ ಕೈಯಲ್ಲಿದ್ದ ವಾಚು ತೊಳೆದಿಟ್ಟ ತಟ್ಟೆಯ ಹಾಗಿತ್ತು. ಆವತ್ತಿನಿಂದ ರಿಪೇರಿ ಚೀಟಿಯ ಮೇಲೆ ‘ಪಾಲಿಶ್ ಬೇಡ’ ಅಂತ ನಾನೇ ಬರೆಯುತ್ತೇನೆ. ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡುತ್ತೇನೆ.

ಪ್ರಶ್ನೆ: ನಾನು ಕೊಂಡ ವಾಚು ಹತ್ತೂ ಇಪ್ಪತ್ತಕ್ಕೆ ನಿಂತಿದೆ. ಕೀ ಗುಂಡಿ ಹೊರಕ್ಕೆ ಎಳೆದಿದೆ. ಕೆಟ್ಟಿದೆಯಾ?

ಉತ್ತರ: ಗಾಬರಿ ಬೇಡ. ಒಂದು ದೃಶ್ಯವನ್ನು ಗಂಟೆಗಟ್ಟಲೆ ಬಿಡಿಬಿಡಿಯಾಗಿ ತೆಗೆಯುತ್ತಾರೆ. ವಾಚು ಓಡುತ್ತಿದ್ದರೆ ಒಂದು ಶಾಟ್‌ನಲ್ಲಿ ಒಂದು ಟೈಮು, ಮುಂದಿನದರಲ್ಲಿ ಇನ್ನೊಂದು. ಅದಕ್ಕೇ ದೃಶ್ಯದ ಟೈಮಿಗೆ ಮುಳ್ಳಿಟ್ಟು, ಗುಂಡಿ ಎಳೆದು ನಿಲ್ಲಿಸುವುದುಂಟು. ನಿಮ್ಮದೂ ಹಾಗೇ ಇರಬಹುದು. ಆದರೂ ಕೀ ಕೊಟ್ಟು ಓಡಿಸಲು ಹೋಗಬೇಡಿ. ಒಳಗಿನ ಎಣ್ಣೆ ಒಣಗಿದ್ದರೆ ಭಾಗಗಳು ಸವೆಯುತ್ತವೆ. ಬಿಚ್ಚಿ, ತೊಳೆದು, ಹೊಸ ಎಣ್ಣೆ ಹಾಕಿಸಿದ ಮೇಲೆ ಓಡಿಸಿ.

ಪ್ರಶ್ನೆ: 1950ರ ದಶಕದ ವಾಚಿನ ಅಂಕಿಗಳ ಮೇಲೆ ಕಂದು ಬಣ್ಣದ ಲೇಪ ಇದೆ. ಈಗ ಕತ್ತಲಲ್ಲಿ ಹೊಳೆಯುವುದಿಲ್ಲ. ಕೆರೆದು ತೆಗೆಯಲಾ?

ಉತ್ತರ: ಬೇಡವೇ ಬೇಡ! ಆ ಕಾಲದ ಲೇಪದಲ್ಲಿ ವಿಕಿರಣ ಸೂಸುವ ರೇಡಿಯಂ ಇರಬಹುದು. ಹೊಳಪು ಕೊಡುವ ಪುಡಿ ಸತ್ತುಹೋಗಿರುತ್ತದೆ, ರೇಡಿಯಂ ಸತ್ತಿರುವುದಿಲ್ಲ. ಅದು ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಕೆರೆದರೆ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಹಿಂದಿನ ಮುಚ್ಚಳವನ್ನೂ ನೀವು ತೆಗೆಯಬೇಡಿ. ಇಂಥ ಕೆಲಸ ಗೊತ್ತಿರುವ ರಿಪೇರಿಯವರಿಗೆ, ರೇಡಿಯಂ ಇರಬಹುದು ಅಂತ ಮೊದಲೇ ಹೇಳಿ ಕೊಡಿ.

ಪ್ರಶ್ನೆ: ಹೊಸಬಳು ನಾನು. ಎಲ್ಲಿಂದ ಶುರು ಮಾಡಲಿ?

ಉತ್ತರ: ನಾಯಕನ ವಾಚಿನ ಹಿಂದೆ ಎಲ್ಲರೂ ಬೀಳುತ್ತಾರೆ. 1960ರ ದಶಕದ ಕಥೆಯ ‘ಮ್ಯಾಡ್ ಮೆನ್’ ಸರಣಿಯಲ್ಲಿ ನಾಯಕ ಡಾನ್ ಡ್ರೇಪರ್ ಕಟ್ಟಿದ್ದ ಒಮೆಗಾ, 2015ರಲ್ಲಿ ಕ್ರಿಸ್ಟೀಸ್ ಹರಾಜಿಗೇ ಹೋಯಿತು. ನೀವು ಗುಮಾಸ್ತನ ಪಾತ್ರ, ಡಾಕ್ಟರ ಪಾತ್ರ ಕಟ್ಟಿದ್ದನ್ನು ಹುಡುಕಿ. ನಿಮಗೆ ಬಾಯಿಪಾಠ ಆಗುವಷ್ಟು ಪರಿಚಯ ಇರುವ ಒಂದೇ ಸರಣಿ ಸಾಕು. ಆ ಕೈಗಳನ್ನು ನೀವು ಆಗಲೇ ನೂರು ಸಲ ನೋಡಿರುತ್ತೀರಿ.