ಇನ್ಯೂಟ್ ಕಲಾವಿದರು ಬಯಲಲ್ಲಿ, ಕಡಲ ದಂಡೆಯಲ್ಲಿ ದೊಡ್ಡ ಕಲಾಕೃತಿ ಇಟ್ಟಿದ್ದಾರಾ?

ಖಂಡಿತ ಇಟ್ಟಿದ್ದಾರೆ. ಉತ್ತರ ಧ್ರುವದ ಹತ್ತಿರದ ಹಿಮನಾಡಿನ ಮೂಲನಿವಾಸಿಗಳಾದ ಇನ್ಯೂಟರ ಕಲೆ ಅಂದ್ರೆ ಅಂಗೈಯಗಲದ ಕಲ್ಲಿನ ಹಿಮಕರಡಿ ಅಂತಲೇ ಜಾಸ್ತಿ ಜನ ಅಂದುಕೊಂಡಿದ್ದಾರೆ. ಕೆನಡಾದ ವ್ಯಾಂಕೂವರಿನಲ್ಲಿ ಇಂಗ್ಲಿಷ್ ಬೇ ದಂಡೆಗೆ ಹೋಗಿ ನೋಡಿ. ಅಲ್ಲಿ ಇನ್ಯೂಟ್ ಕಲಾವಿದ ಆಲ್ವಿನ್ ಕನಾಕ್ ಕಟ್ಟಿದ ಇನುಕ್ಸುಕ್, ಅಂದ್ರೆ ಕಲ್ಲು ಪೇರಿಸಿ ಮಾಡಿದ ಗುರುತು, ಇದೆ. ಮರಗಳೇ ಇಲ್ಲದ ಉತ್ತರದ ಬಯಲಿನಲ್ಲಿ ದಾರಿ, ಬೇಟೆಯ ಜಾಗ ಗುರುತಿಸೋಕೆ ಕಲ್ಲು ಪೇರಿಸುತ್ತಾರಲ್ಲ, ಅದೇ ಪದ್ಧತಿ, ಇಲ್ಲಿ ಸುಮಾರು 6 ಮೀಟರ್ ಎತ್ತರದ ಗ್ರಾನೈಟಿನಲ್ಲಿ. 1986ರ ಎಕ್ಸ್‌ಪೋ ಮೇಳಕ್ಕೆ ಮಾಡಿದ್ದನ್ನು 1987ರಲ್ಲಿ ಈ ದಂಡೆಗೆ ತಂದರು.

ಈಗಿನವರಲ್ಲಿ ಕೌಸಿನ್ ವಾನ್ ಹ್ಯೂವೆಲೆನ್ ಅವರನ್ನು ನೋಡಲೇಬೇಕು. ಕಡಲ ಬೇಟೆಯಲ್ಲಿ ಈಟಿ ಚುಚ್ಚಿದ ಪ್ರಾಣಿ ಮುಳುಗದಿರಲಿ ಅಂತ ಈಟಿಯ ಹಗ್ಗಕ್ಕೆ ಕಟ್ಟುವ, ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ತೇಲುಚೀಲವನ್ನು ಅವರು ಹೊಳೆಯುವ ಹೀಲಿಯಂ ಬಲೂನಾಗಿ ಮಾಡಿದ್ದಾರೆ. ಮಕ್ಕಳಿಗೂ ಥಟ್ಟನೆ ಹಿಡಿಸುತ್ತದೆ, ಬೇಟೆಯ ಅರಿವೂ ಕಳೆದುಹೋಗಿಲ್ಲ. ನನಗಂತೂ ಇದೇ ಹೆಚ್ಚು ಇಷ್ಟ.