ಹಾಲ್ಟ್‌ನಲ್ಲಿ ಟಿಕೆಟ್ ಸಿಗದಿದ್ದರೆ?

ಪ್ರಶ್ನೆ: ನಮ್ಮೂರಿನ ಪುಟ್ಟ ರೈಲು ನಿಲ್ದಾಣ, ಅಂದರೆ ಹಾಲ್ಟ್‌ನಲ್ಲಿ ಸ್ಟೇಷನ್ ಮಾಸ್ಟರ್ ಇಲ್ಲ. ಟಿಕೆಟ್ ಕೊಡುವ ಏಜೆಂಟರೂ ಕೆಲವು ದಿನ ಕಾಣುವುದಿಲ್ಲ. ಸುಮ್ನೆ ಹತ್ತಿ ಮಂಗಳೂರಿಗೆ ಹೋದರೆ ದಂಡ ಬೀಳುತ್ತದಾ?
– ಓದುಗರೊಬ್ಬರು, ಕಾಸರಗೋಡು

ಉತ್ತರ: ಬೀಳುತ್ತದೆ. ‘ಕೌಂಟರಿನಲ್ಲಿ ಜನ ಇರಲಿಲ್ಲ’ ಎಂದು ಬಾಯಲ್ಲಿ ಹೇಳಿದರೆ ಟಿಟಿ ಕೇಳಬೇಕೆಂದಿಲ್ಲ. ಟಿಕೆಟ್ ದರದ ಜೊತೆಗೆ ಕನಿಷ್ಠ 250 ರೂಪಾಯಿ ಕಟ್ಟಬೇಕು. ಎಲ್ಲಿ ಹತ್ತಿದಿರಿ ಎಂಬುದರಲ್ಲಿ ಸಂಶಯ ಬಂದರೆ, ಗಾಡಿ ಹೊರಟ ಸ್ಟೇಷನ್ನಿನಿಂದಲೇ ಲೆಕ್ಕ. ಕಣ್ಣೂರಿನಿಂದ ಬಂದ ಗಾಡಿಯಾದರೆ ನೀವೂ ಕಣ್ಣೂರಿನವರೇ!

ದಾರಿ ಇದೆ ಮಾರಾಯ್ರೆ. 1989ರ ರೈಲ್ವೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಹತ್ತುವ ಮೊದಲೇ ಅಧಿಕಾರ ಇರುವ ರೈಲ್ವೆ ನೌಕರರಿಂದ ಅನುಮತಿ ಚೀಟಿ ಪಡೆಯಬಹುದು. ಹಾಲ್ಟ್‌ನಲ್ಲಿ ಸಿಗುವವರು ಗಾರ್ಡ್ ಒಬ್ಬರೇ. ಚೀಟಿ ಇದ್ದರೆ ಬರೀ ಟಿಕೆಟ್ ದರ ಕೊಟ್ಟರಾಯಿತು, 250ರ ಮಾತೇ ಇಲ್ಲ. (2022ರಿಂದ ಗಾರ್ಡ್ ಹುದ್ದೆಗೆ ಟ್ರೈನ್ ಮ್ಯಾನೇಜರ್ ಎಂದು ಹೆಸರು. ಆ ಕೆಲಸ ಮಾಡಿಯೇ ನಿವೃತ್ತನಾದ ನನ್ನ ನಾಲಿಗೆಗೆ ಅದು ಇನ್ನೂ ಹಿಡಿಸಿಲ್ಲ.)

ಆದರೆ ನಮ್ಮವರು ನಿಲ್ಲುವುದು ಎಲ್ಲಿ? ಪ್ಲಾಟ್‌ಫಾರ್ಮಿನ ನಡುವೆ, ಮರದ ನೆರಳಿನಲ್ಲಿ. ಗಾರ್ಡ್ ಇರುವುದು ಕೊನೆಯ ಡಬ್ಬಿಯಲ್ಲಿ. ಸೀಟಿ ಊದಿದ ಮೇಲೆ ಆ ನೆರಳಿನಿಂದಲೇ ‘ಸಾರ್, ಟಿಕೆಟ್ ಇಲ್ಲ’ ಎಂದು ಕೂಗಿದರೆ ಚೀಟಿ ಬರೆಯುವುದು ಹೇಗೆ? ನನ್ನ ಗಾಡಿಗೆ ಬಸಳೆ ಸೊಪ್ಪಿನ ಕಟ್ಟು ಹೊತ್ತು ಬರುತ್ತಿದ್ದ ಹೆಂಗಸೊಬ್ಬರು ಸರಿಯಾಗಿ ನನ್ನ ಬಾಗಿಲಿನ ಎದುರೇ ನಿಲ್ಲುತ್ತಿದ್ದರು. ಏಜೆಂಟ್ ಬಾರದ ದಿನ ಮೊದಲು ಚೀಟಿ ಕೇಳುವುದು, ಆಮೇಲೆ ಕಟ್ಟು ಇಳಿಸುವುದು. ನೀವೂ ಅಲ್ಲೇ ನಿಲ್ಲಿ.

ಫೋನಿನಲ್ಲಿ ರೈಲ್‌ಒನ್ ಆಪ್ ಇದ್ದರೆ ಮನೆಯಿಂದಲೇ ಟಿಕೆಟ್ ತೆಗೆಯಿರಿ. ಹಳಿಯ ಪಕ್ಕ ನಿಂತು ತೆಗೆಯಲು ಹೋದರೆ ಆಪ್ ಒಪ್ಪುವುದಿಲ್ಲ.

ಏಜೆಂಟರ ಮೇಲೆ ಸಿಟ್ಟು ಬೇಡ. ಅವರು ರೈಲ್ವೆ ನೌಕರರಲ್ಲ, ಸಂಬಳವೂ ಇಲ್ಲ. ಮಾರಿದ ಟಿಕೆಟಿಗೆ ಕಮಿಷನ್ ಅಷ್ಟೇ. ಹತ್ತು ರೂಪಾಯಿಯ ನಾಲ್ಕು ಟಿಕೆಟ್ ಹೋದರೆ ಅವರಿಗೆ ಚಹಾದ ದುಡ್ಡೂ ಹುಟ್ಟುವುದಿಲ್ಲ, ಅಲ್ವಾ?

ಪ್ರಶ್ನೆ: ಸಿಗ್ನಲ್ಲೇ ಇಲ್ಲದ ಹಾಲ್ಟ್‌ನಲ್ಲಿ ಗಾಡಿ ನಿಲ್ಲುವುದು ಹೇಗೆ?
– ಶಾಲಾ ವಿದ್ಯಾರ್ಥಿನಿ, ಉಪ್ಪಳ

ಉತ್ತರ: ಎಲ್ಲಿ ನಿಲ್ಲಬೇಕೆಂಬುದು ಲೋಕೋ ಪೈಲಟ್ ಕೈಯಲ್ಲಿರುವ ವೇಳಾಪಟ್ಟಿಯಲ್ಲೇ ಇರುತ್ತದೆ. ಗಾಡಿ ಬಿಡುವ, ತಡೆಯುವ ಕೆಲಸ ಆಚೀಚೆಯ ದೊಡ್ಡ ಸ್ಟೇಷನ್‌ಗಳದ್ದು. ಹಾಲ್ಟ್‌ನಲ್ಲಿ ಕ್ರಾಸಿಂಗ್ (ಎದುರುಬದುರಿನ ಗಾಡಿಗಳು ಒಂದನ್ನೊಂದು ದಾಟುವುದು) ಇಲ್ಲ, ಹಾಗಾಗಿ ಮಾಸ್ಟರ್ ಕೂಡ ಬೇಕಿಲ್ಲ. ಎಲ್ಲರೂ ಹತ್ತಿದರಾ ಎಂದು ಗಾರ್ಡ್ ನೋಡುತ್ತಾರೆ, ಹಸಿರು ಬಾವುಟ ತೋರಿಸುತ್ತಾರೆ, ಗಾಡಿ ಹೊರಡುತ್ತದೆ.